ಉಕ್ಕಿನ ಫ್ರೇಮ್ ಆರಿಸುವಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಉಕ್ಕಿನ ರೋಡ್ ಸೈಕಲ್ ಫ್ರೇಮ್‌ಗಳ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ತೆಗೆದುಕೊಂಡಿದ್ದೇನೆ. ಮೊದಲ ಪತ್ರದ ಉತ್ತರ ಉದ್ದವಾಗಿದೆ. ಅದರಲ್ಲಿರುವ ಗೊಂದಲವೇ ಬೇರೆ ಹಲವರ ಪತ್ರಗಳಲ್ಲೂ ಇದ್ದುದರಿಂದ, ಅಲ್ಲಿಯೇ ಅದನ್ನು ಬಿಡಿಸಿ ಹೇಳುವುದು ಸರಿಯೆನಿಸಿತು.

ಪ್ರಶ್ನೆ: ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ರೋಡ್ ಸೈಕಲ್ ಒಂದನ್ನು ನಾನೇ ಜೋಡಿಸಬೇಕೆಂದಿದ್ದೇನೆ. ಫ್ರೇಮ್ ಉಕ್ಕಿನದೇ ಆಗಬೇಕೆಂಬುದು ಖಚಿತ. ನನ್ನ ಮುಂದೆ ಮೂರು ಫ್ರೇಮ್‌ಗಳಿವೆ. ಒಂದು, ರೆನಾಲ್ಡ್ಸ್ ಕಂಪನಿಯ 531 ಎಂಬ ಉಕ್ಕಿನ ಟ್ಯೂಬ್‌ಗಳನ್ನು ಲಗ್‌ಗಳಲ್ಲಿ (ಟ್ಯೂಬ್‌ಗಳ ತುದಿಗಳನ್ನು ಹಿಡಿದಿಡುವ ಲೋಹದ ತೋಳುಗಳಲ್ಲಿ) ಕೂಡಿಸಿ ಮಾಡಿದ ಹಳೆಯ ಫ್ರೇಮ್. ಇದರ ಹಿಂದಿನ ಡ್ರಾಪ್‌ಔಟ್‌ಗಳ (ಚಕ್ರದ ಆಕ್ಸಲ್ ಕೂರುವ ಕಚ್ಚುಗಳ) ಅಂತರ 126 ಮಿ.ಮೀ. ಎರಡು, ರೆನಾಲ್ಡ್ಸ್ 725ರಲ್ಲಿ ಟಿಗ್ ವೆಲ್ಡಿಂಗ್ ಮಾಡಿದ, ಡಿಸ್ಕ್ ಬ್ರೇಕ್‌ಗೆಂದು ತಯಾರಾದ ಹೊಸ ಫ್ರೇಮ್. ಮೂರು, ನನ್ನ ಅಳತೆಗೆ ರೆನಾಲ್ಡ್ಸ್ 853 ಅಥವಾ ಕೊಲಂಬಸ್ ಕಂಪನಿಯ ಸ್ಪಿರಿಟ್ ಟ್ಯೂಬ್‌ಗಳಲ್ಲಿ ಮಾಡಿಕೊಡುವುದಾಗಿ ಫ್ರೇಮ್ ಬಿಲ್ಡರ್ ಒಬ್ಬರು ಹೇಳಿರುವುದು. ನನ್ನ ಎತ್ತರ 176 ಸೆಂ.ಮೀ., ತೂಕ 78 ಕೆ.ಜಿ. ರಜಾದಿನಗಳಲ್ಲಿ 100ರಿಂದ 200 ಕಿ.ಮೀ. ಸವಾರಿ ಮಾಡುತ್ತೇನೆ, ದಾರಿಯಲ್ಲಿ ಕೆಟ್ಟ ರಸ್ತೆಯೂ ಸಿಗುವುದರಿಂದ 32 ಮಿ.ಮೀ. ಟೈರ್ ಮತ್ತು ಮಡ್‌ಗಾರ್ಡ್ ಹಾಕುವ ಆಸೆಯಿದೆ. 11 ಸ್ಪೀಡ್ ಗೇರ್ ಸಾಮಗ್ರಿ ಮತ್ತು 130 ಮಿ.ಮೀ. ಹಬ್‌ನ ರಿಮ್ ಬ್ರೇಕ್ ಚಕ್ರಗಳು ಈಗಾಗಲೇ ನನ್ನ ಬಳಿ ಇವೆ. 853 ಹೆಚ್ಚು ಬಿಗಿಯೆಂದೂ 531 ಹೆಚ್ಚು ಹಿತವೆಂದೂ ಬಲ್ಲವರು ಹೇಳುತ್ತಾರೆ. ಯಾವುದನ್ನು ಆರಿಸಲಿ?

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿರುವ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಒಂದು ಮಾತನ್ನು ನಂಬಿ ತಪ್ಪು ಫ್ರೇಮ್ ಕೊಂಡವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. 853 ಹೆಚ್ಚು ಬಿಗಿ ಎಂಬುದು ಸರಿಯಲ್ಲ. ಭಾರ ಬಿದ್ದಾಗ ಲೋಹ ಎಷ್ಟು ಬಾಗುತ್ತದೆ ಎಂಬುದು ಒಂದು ಗುಣ. ಎಷ್ಟು ಭಾರ ಬಿದ್ದ ಮೇಲೆ ಅದು ಹಿಂದಿನ ಆಕಾರಕ್ಕೆ ಮರಳದೆ ಬಾಗಿಯೇ ಉಳಿಯುತ್ತದೆ ಅಥವಾ ಮುರಿಯುತ್ತದೆ ಎಂಬುದು ಬೇರೆಯೇ ಗುಣ. ಮೊದಲನೆಯದನ್ನು ಬಿಗಿತವೆಂದೂ ಎರಡನೆಯದನ್ನು ಬಲವೆಂದೂ ಕರೆಯೋಣ. ಬಿಗಿತವನ್ನು ಸೂಚಿಸುವ ಯಂಗ್ ಮಾಡ್ಯುಲಸ್ ಎಲ್ಲ ಉಕ್ಕಿಗೂ ಹೆಚ್ಚುಕಡಿಮೆ ಒಂದೇ, ಸುಮಾರು 200 ಗಿಗಾಪ್ಯಾಸ್ಕಲ್. ಸಾಂದ್ರತೆಯೂ ಅಷ್ಟೆ, ಘನ ಸೆಂಟಿಮೀಟರ್‌ಗೆ 7.8 ಗ್ರಾಂ ಆಸುಪಾಸು. ಕ್ರೋಮಿಯಂ, ಮಾಲಿಬ್ಡಿನಂ, ಮ್ಯಾಂಗನೀಸ್ ಎಂದೆಲ್ಲ ಹೆಸರು ದೊಡ್ಡದಾಗಿ ಕೇಳಿಸಿದರೂ ಸಾಮಾನ್ಯ ಕ್ರೋಮೋಲಿ ಟ್ಯೂಬ್‌ನಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಭಾಗ ಕಬ್ಬಿಣವೇ ಇರುತ್ತದೆ. ಮಿಶ್ರಲೋಹ ಬದಲಾದಾಗ, ಶಾಖ ಸಂಸ್ಕರಣೆ ಬದಲಾದಾಗ ಬದಲಾಗುವುದು ಬಲ. 531ರ ಬಲ ಸುಮಾರು 700ರಿಂದ 900 ಮೆಗಾಪ್ಯಾಸ್ಕಲ್, 725ರದು 1,000ಕ್ಕಿಂತ ಹೆಚ್ಚು, 853ರದು 1,200ಕ್ಕಿಂತ ಹೆಚ್ಚು.

ಹಾಗಾದರೆ ಈ ಹೆಚ್ಚಿನ ಬಲದಿಂದ ಸವಾರನಿಗೆ ಏನು ಸಿಗುತ್ತದೆ? ಬಲ ಹೆಚ್ಚಿರುವುದರಿಂದ ಟ್ಯೂಬ್‌ನ ಗೋಡೆಯನ್ನು ತೆಳುವಾಗಿಸಬಹುದು, ತೆಳುವಾದಷ್ಟೂ ತೂಕ ಇಳಿಯುತ್ತದೆ. ಟ್ಯೂಬ್‌ಗಳ ತುದಿ ದಪ್ಪವಾಗಿ, ನಡುಭಾಗ ತೆಳುವಾಗಿರುವುದನ್ನು ಬಟೆಡ್ ಟ್ಯೂಬ್ ಎನ್ನುತ್ತಾರೆ. ಬರ್ಮಿಂಗ್‌ಹ್ಯಾಮ್‌ನ ರೆನಾಲ್ಡ್ಸ್ ಇದಕ್ಕೆ 1897ರಲ್ಲಿಯೇ ಪೇಟೆಂಟ್ ಪಡೆದಿತ್ತು. 0.9/0.6/0.9 ಎಂದು ಬರೆದಿದ್ದರೆ ತುದಿಗಳಲ್ಲಿ 0.9 ಮಿ.ಮೀ., ನಡುವೆ 0.6 ಮಿ.ಮೀ. ಎಂದರ್ಥ. ಹೆಚ್ಚು ಬಲದ ಉಕ್ಕಿನಲ್ಲಿ ಇದು 0.7/0.4/0.7ಕ್ಕೂ ಇಳಿಯುತ್ತದೆ. ಆದರೆ ವ್ಯಾಸವನ್ನು ಬದಲಿಸದೆ ಗೋಡೆಯನ್ನಷ್ಟೇ ತೆಳುಮಾಡಿದರೆ ಬಿಗಿತವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಎಂದರೆ, ಒಂದೇ ವ್ಯಾಸದ ಎರಡು ಫ್ರೇಮ್‌ಗಳನ್ನು ಪಕ್ಕಪಕ್ಕದಲ್ಲಿಟ್ಟರೆ, ತೆಳುಗೋಡೆಯ 853 ಫ್ರೇಮ್ 531ಕ್ಕಿಂತ ಹೆಚ್ಚು ಬಾಗುತ್ತದೆಯೇ ಹೊರತು ಕಡಿಮೆಯಲ್ಲ.

ಹೊಸ ಫ್ರೇಮ್‌ಗಳು ಬಿಗಿಯೆನಿಸುವುದಕ್ಕೆ ನಿಜವಾದ ಕಾರಣ ವ್ಯಾಸ. ತೆಳುಗೋಡೆಯ ಕೊಳವೆಯ ಬಿಗಿತ ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ. ಹಳೆಯ ಕಾಲದ ಅಳತೆಯಲ್ಲಿ ಟಾಪ್ ಟ್ಯೂಬ್ (ಮೇಲಿನ ಅಡ್ಡ ಕೊಳವೆ) 25.4 ಮಿ.ಮೀ., ಡೌನ್ ಟ್ಯೂಬ್ (ಹ್ಯಾಂಡಲ್ ಕಡೆಯಿಂದ ಪೆಡಲ್‌ಗಳತ್ತ ಇಳಿಯುವ ಕೊಳವೆ) 28.6 ಮಿ.ಮೀ. ಇರುತ್ತಿತ್ತು, ಓವರ್‌ಸೈಜ್ ಎಂದು ಕರೆಯುವ ನಂತರದ ಅಳತೆಯಲ್ಲಿ ಅವು 28.6 ಮತ್ತು 31.8 ಆದವು. ಡೌನ್ ಟ್ಯೂಬ್‌ನ ವ್ಯಾಸ 28.6ರಿಂದ 31.8ಕ್ಕೆ ಏರಿದಾಗ, ಗೋಡೆಯ ದಪ್ಪ ಅಷ್ಟೇ ಇದ್ದರೆ, ತೂಕ ಹೆಚ್ಚುವುದು ನೂರಕ್ಕೆ ಸುಮಾರು 11 ಭಾಗ, ಬಿಗಿತ ಹೆಚ್ಚುವುದು ಸುಮಾರು 37 ಭಾಗ. ಆದ್ದರಿಂದ ಬಿಲ್ಡರ್ ಬಳಿಗೆ ಹೋದಾಗ ‘853ರಲ್ಲಿ ಮಾಡಿಕೊಡಿ’ ಎಂದಷ್ಟೇ ಹೇಳಿದರೆ ಅವರಿಗೆ ನಿಮ್ಮ ಮನಸ್ಸು ತಿಳಿಯುವುದಿಲ್ಲ. ‘ಡೌನ್ ಟ್ಯೂಬ್‌ನ ವ್ಯಾಸ ಎಷ್ಟು ಇಡುತ್ತೀರಿ, ನಡುಭಾಗದ ಗೋಡೆ ಎಷ್ಟು, ನನ್ನ ತೂಕಕ್ಕೆ ಅದನ್ನೇ ಏಕೆ ಆರಿಸುತ್ತೀರಿ’ ಎಂದು ಕೇಳಬೇಕು. ಒಳ್ಳೆಯ ಬಿಲ್ಡರ್ ಈ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುತ್ತಾರೆ. ಅನೇಕರು ಒಂದೇ ಹೆಸರಿನ ಸೆಟ್‌ಗೆ ಕಟ್ಟುಬೀಳದೆ, ಡೌನ್ ಟ್ಯೂಬ್ ಒಂದು ಕಂಪನಿಯದು, ಚೈನ್‌ಸ್ಟೇ (ಪೆಡಲ್‌ಗಳ ಬಳಿಯಿಂದ ಹಿಂಚಕ್ರಕ್ಕೆ ಹೋಗುವ ಕೊಳವೆ) ಇನ್ನೊಂದು ಕಂಪನಿಯದು ಎಂದು ಸವಾರನಿಗೆ ತಕ್ಕಂತೆ ಕೂಡಿಸುತ್ತಾರೆ. ಅಂಥ ಫ್ರೇಮ್‌ಗೆ ಯಾವ ಸ್ಟಿಕ್ಕರ್ ಅಂಟಿಸಿದರೂ ಅದು ಅರ್ಧ ಸತ್ಯವೇ.

ಇನ್ನು 531 ಹಿತವೆಂಬ ಮಾತು. 1935ರಲ್ಲಿ ಬಂದ ಈ ಮ್ಯಾಂಗನೀಸ್–ಮಾಲಿಬ್ಡಿನಂ ಉಕ್ಕು ದಶಕಗಳ ಕಾಲ ಒಳ್ಳೆಯ ಸೈಕಲ್‌ಗಳ ಗುರುತಾಗಿತ್ತು, ಅದರ ಬಗ್ಗೆ ನನಗೆ ಅಪಾರ ಗೌರವವಿದೆ. ಅದರಲ್ಲಿ ಮಾಡಿದ ಫ್ರೇಮ್‌ಗಳು ಮೆತ್ತಗೆನಿಸುವುದು ಸಣ್ಣ ವ್ಯಾಸದ ಟ್ಯೂಬ್‌ಗಳಿಂದ, ಉದ್ದನೆಯ ಸಪೂರ ಫೋರ್ಕ್‌ನಿಂದ, ಮತ್ತು ಬಹಳಷ್ಟು ಸಲ ಆ ಕಾಲದ ಟೂರಿಂಗ್ ಫ್ರೇಮ್‌ಗಳ ಉದ್ದ ಚೈನ್‌ಸ್ಟೇಗಳಿಂದ. ಆದರೆ ತಗ್ಗುದಿಣ್ಣೆಗಳ ಆಘಾತವನ್ನು ನುಂಗುವ ವಿಷಯದಲ್ಲಿ ಫ್ರೇಮ್‌ನ ಪಾಲು ಜನ ತಿಳಿದಿರುವುದಕ್ಕಿಂತ ಬಹಳ ಚಿಕ್ಕದು. ಎರಡು ತ್ರಿಕೋನಗಳನ್ನು ಕೂಡಿಸಿದ ಆ ರಚನೆ ಮೇಲಿನಿಂದ ಕೆಳಕ್ಕೆ ಬಗ್ಗುವುದೇ ಅತ್ಯಲ್ಪ. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಟೈರ್ ತಗ್ಗುತ್ತದೆ, ಆಸನದ ಕೊಳವೆ (ಸೀಟ್‌ಪೋಸ್ಟ್) ಮತ್ತು ಆಸನ ಬಾಗುತ್ತವೆ. 25 ಮಿ.ಮೀ. ಟೈರ್‌ನಿಂದ 32 ಮಿ.ಮೀ. ಟೈರ್‌ಗೆ ಹೋಗಿ, ಗಾಳಿಯ ಒತ್ತಡವನ್ನು ನಿಮ್ಮ ತೂಕಕ್ಕೆ ತಕ್ಕಂತೆ ಇಳಿಸಿದಾಗ ಸಿಗುವ ಹಿತವನ್ನು ಯಾವ ಉಕ್ಕಿನ ಹೆಸರೂ ಕೊಡಲಾರದು. ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯವೆನಿಸಿದ ಸಂಖ್ಯೆ 531 ಅಲ್ಲ, 853 ಕೂಡ ಅಲ್ಲ, ಆ 32.

ಆ 32 ಮಿ.ಮೀ. ಟೈರ್‌ನ್ನೂ ಮಡ್‌ಗಾರ್ಡ್‌ನ್ನೂ ಮುಂದಿಟ್ಟುಕೊಂಡು ಈಗ ಮೂರು ಫ್ರೇಮ್‌ಗಳನ್ನು ನೋಡೋಣ.

ಹಳೆಯ ಫ್ರೇಮ್‌ನ 126 ಮಿ.ಮೀ. ಅಂತರ ದೊಡ್ಡ ತೊಡಕಲ್ಲ. ಉಕ್ಕನ್ನು ತಣ್ಣಗಿರುವಾಗಲೇ ಬಾಗಿಸಿ, ಪ್ರತಿ ಬದಿಗೆ 2 ಮಿ.ಮೀ.ನಂತೆ 130ಕ್ಕೆ ಅಗಲಿಸಬಹುದು. ತಿಳಿದವರು ಸರಿಯಾದ ಸಲಕರಣೆಯಿಂದ ಮಾಡಬೇಕು, ಮಾಡಿದ ಮೇಲೆ ಎರಡು ಡ್ರಾಪ್‌ಔಟ್‌ಗಳೂ ಒಂದಕ್ಕೊಂದು ಸಮಾನಾಂತರವಾಗಿವೆಯೇ, ಡಿರೇಲರ್ ತೂಗುವ ಹ್ಯಾಂಗರ್ ನೆಟ್ಟಗಿದೆಯೇ ಎಂದು ನೋಡಬೇಕು. ಆಗ ನಿಮ್ಮ ಚಕ್ರಗಳು ಕೂರುತ್ತವೆ. ತೊಡಕು ಇರುವುದು ಬೇರೆಡೆ. ಫ್ರೇಮ್ 700ಸಿ ಚಕ್ರಕ್ಕೆ ಮಾಡಿದ್ದೋ 27 ಇಂಚಿನ ಚಕ್ರಕ್ಕೆ ಮಾಡಿದ್ದೋ ಎಂದು ಮೊದಲು ತಿಳಿದುಕೊಳ್ಳಿ. ಅವುಗಳ ರಿಮ್ ವ್ಯಾಸ 622 ಮತ್ತು 630 ಮಿ.ಮೀ. ಆಗಿರುವುದರಿಂದ, 27 ಇಂಚಿನ ಫ್ರೇಮ್‌ಗೆ 700ಸಿ ಹಾಕಿದರೆ ಬ್ರೇಕ್ ಪ್ಯಾಡ್ 4 ಮಿ.ಮೀ. ಕೆಳಗೆ ತಲುಪಬೇಕಾಗುತ್ತದೆ. ಇಂದಿನ ಸಾಮಾನ್ಯ ರಿಮ್ ಬ್ರೇಕ್‌ಗಳ ಕೈ 39ರಿಂದ 49 ಮಿ.ಮೀ.ವರೆಗೆ ಮಾತ್ರ ಚಾಚುತ್ತದೆ. 47ರಿಂದ 57 ಮಿ.ಮೀ. ಚಾಚುವ ಬ್ರೇಕ್‌ಗಳೂ ಸಿಗುತ್ತವೆ. ಬ್ರೇಕ್ ಬೋಲ್ಟ್‌ನ ರಂಧ್ರ ಹಳೆಯ ಬಗೆಯ ನಟ್‌ಗೆ ಕೊರೆದದ್ದೇ ಎಂಬುದನ್ನೂ ನೋಡಿ. ಫೋರ್ಕ್ ಒಂದು ಇಂಚಿನ ಥ್ರೆಡ್ ಇರುವ ಬಗೆಯದಾಗಿದ್ದರೆ ಸ್ಟೆಮ್ (ಹ್ಯಾಂಡಲ್ ಹಿಡಿಯುವ ಭಾಗ) ಕೂಡ ಫೋರ್ಕ್‌ನ ಕೊಳವೆಯೊಳಕ್ಕೆ ಇಳಿಯುವ 22.2 ಮಿ.ಮೀ. ಕ್ವಿಲ್ ಬಗೆಯದೇ ಆಗಬೇಕು. ಇಷ್ಟೆಲ್ಲ ಹೊಂದಿದ ಮೇಲೂ, ಚೈನ್‌ಸ್ಟೇಗಳ ನಡುವೆ 32 ಮಿ.ಮೀ. ಟೈರ್‌ಗೆ ಎರಡೂ ಬದಿ ಕನಿಷ್ಠ 4 ಮಿ.ಮೀ. ತೆರಪು ಉಳಿಯದಿದ್ದರೆ ಆ ಫ್ರೇಮ್ ನಿಮ್ಮ ಉದ್ದೇಶಕ್ಕೆ ಆಗುವುದಿಲ್ಲ. ರೇಸಿಂಗ್‌ಗೆಂದು ಮಾಡಿದ್ದಾದರೆ ಉಳಿಯುವ ಸಾಧ್ಯತೆ ಕಡಿಮೆ, ಟೂರಿಂಗ್‌ಗೆಂದು ಮಾಡಿದ್ದಾದರೆ ಹೆಚ್ಚು.

ಎರಡನೆಯ ಫ್ರೇಮ್‌ನಲ್ಲಿ ಟೈರ್ ಮತ್ತು ಮಡ್‌ಗಾರ್ಡ್‌ನ ಪ್ರಶ್ನೆ ಬಹುಮಟ್ಟಿಗೆ ಏಳುವುದೇ ಇಲ್ಲ, ಏಕೆಂದರೆ ಡಿಸ್ಕ್ ಬ್ರೇಕ್ ಚಕ್ರದ ನಡುವಿಗೆ ಹೋದಾಗ ಫೋರ್ಕ್‌ನ ತಲೆಯಲ್ಲಿ ಜಾಗ ತೆರವಾಗುತ್ತದೆ. ಆದರೆ ನಿಮ್ಮ ಚಕ್ರಗಳು ಅದಕ್ಕೆ ಬರುವುದಿಲ್ಲ. ಡಿಸ್ಕ್ ಫ್ರೇಮ್‌ಗಳಲ್ಲಿ ಹಿಂದಿನ ಅಂತರ ಸಾಮಾನ್ಯವಾಗಿ 12 ಮಿ.ಮೀ. ಥ್ರೂ ಆಕ್ಸಲ್‌ನೊಂದಿಗೆ 142 ಮಿ.ಮೀ. ಇರುತ್ತದೆ, ಮುಂದಿನದು 100 ಮಿ.ಮೀ. ಬ್ರೇಕ್ ಲಿವರ್‌ಗಳನ್ನೂ ಬದಲಿಸಬೇಕಾಗಬಹುದು. ಕೇಬಲ್‌ನಿಂದ ನಡೆಯುವ ಡಿಸ್ಕ್ ಕ್ಯಾಲಿಪರ್ ಹಾಕಿಕೊಂಡರೆ ಈಗಿರುವ ಲಿವರ್‌ಗಳೇ ಸಾಕು. ಫ್ರೇಮ್‌ನ ಬೆಲೆಯೊಂದನ್ನೇ ನೋಡದೆ ಈ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿ.

ಮೂರನೆಯದರ ಬಗ್ಗೆ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಅಳತೆಗೆ ಮಾಡಿಸುವ ಫ್ರೇಮ್‌ನ ಬೆಲೆ ಇರುವುದು ಉಕ್ಕಿನಲ್ಲಿ ಅಲ್ಲ, ನೀವು ಬಿಲ್ಡರ್‌ಗೆ ಕೊಡುವ ಸಂಖ್ಯೆಗಳಲ್ಲಿ. ನಿಮ್ಮ ಕಾಲಿನ ಉದ್ದ, ತೋಳಿನ ಉದ್ದ ಸಾಮಾನ್ಯಕ್ಕಿಂತ ದೂರವಿದ್ದು ಯಾವ ಸಿದ್ಧ ಫ್ರೇಮ್‌ನಲ್ಲೂ ಕೂರಲು ಆಗದಿದ್ದರೆ ಇಂದೇ ಮಾಡಿಸಿ. ಹಾಗಿಲ್ಲದಿದ್ದರೆ, 200 ಕಿ.ಮೀ. ಸವಾರಿಗಳಲ್ಲಿ ನಿಮ್ಮ ಕತ್ತು, ಬೆನ್ನು, ಅಂಗೈ ಏನು ಹೇಳುತ್ತವೆ ಎಂದು ಒಂದೆರಡು ವರ್ಷ ಬರೆದಿಟ್ಟುಕೊಂಡ ನಂತರ ಮಾಡಿಸುವುದು ಹೆಚ್ಚು ಫಲಕೊಡುತ್ತದೆ. ಬಹಳ ಹಿಂದೆ ನಾನು ಮಾಡಿಸಿಕೊಂಡ ಮೊದಲ ಫ್ರೇಮ್‌ಗೆ ಆಗಿನ ನನ್ನ ಉತ್ಸಾಹದ ಅಳತೆಯನ್ನು ಕೊಟ್ಟೆ. ಹ್ಯಾಂಡಲ್ ತೀರ ಕೆಳಗಾಯಿತು, ಮೂರು ವರ್ಷದೊಳಗೆ ಅದನ್ನು ಬೇರೆಯವರಿಗೆ ಕೊಡಬೇಕಾಯಿತು. ಬಿಲ್ಡರ್ ನಾನು ಹೇಳಿದಂತೆಯೇ ಅಚ್ಚುಕಟ್ಟಾಗಿ ಮಾಡಿಕೊಟ್ಟಿದ್ದರು.

ಅಳತೆಯ ವಿಷಯದಲ್ಲಿ ಸೀಟ್ ಟ್ಯೂಬ್‌ನ (ಸೀಟ್‌ಪೋಸ್ಟ್ ಇಳಿಯುವ ಫ್ರೇಮ್ ಕೊಳವೆಯ) ಉದ್ದವನ್ನೇ ನೆಚ್ಚಬೇಡಿ. ಸ್ಟ್ಯಾಕ್ ಮತ್ತು ರೀಚ್ ಎಂಬ ಎರಡನ್ನು ಹೋಲಿಸಿ. ಬಾಟಮ್ ಬ್ರಾಕೆಟ್‌ನ (ಪೆಡಲ್‌ಗಳ ಆಕ್ಸಲ್ ತಿರುಗುವ ಗೂಡಿನ) ಮಧ್ಯದಿಂದ ಹೆಡ್ ಟ್ಯೂಬ್‌ನ (ಫೋರ್ಕ್ ಹಾಯುವ ಮುಂದಿನ ಕೊಳವೆಯ) ಮೇಲ್ತುದಿ ಎಷ್ಟು ಎತ್ತರದಲ್ಲಿದೆ ಎಂಬುದು ಸ್ಟ್ಯಾಕ್, ಎಷ್ಟು ಮುಂದಿದೆ ಎಂಬುದು ರೀಚ್. ಈಗ ನಿಮಗೆ ಹಿತವಾಗಿರುವ ಸೈಕಲ್‌ನಲ್ಲಿ ಇವೆರಡನ್ನೂ ಅಳೆದುಕೊಂಡು ಹೊಸದರೊಂದಿಗೆ ಹೋಲಿಸಿದರೆ ಊಹೆಯ ಮಾತು ಉಳಿಯುವುದಿಲ್ಲ. ಒಂದು ಸೂಕ್ಷ್ಮವನ್ನು ಮಾತ್ರ ಮರೆಯಬೇಡಿ: ಹೆಡ್ ಟ್ಯೂಬ್ ಹಿಂದಕ್ಕೆ ವಾಲಿರುವುದರಿಂದ, ಸುಮಾರು 73 ಡಿಗ್ರಿ ಕೋನದಲ್ಲಿ ಸ್ಪೇಸರ್ (ಸ್ಟೆಮ್‌ನ ಕೆಳಗೆ ಹಾಕುವ ಉಂಗುರ) 10 ಮಿ.ಮೀ. ಏರಿಸಿದಾಗಲೆಲ್ಲ ಹ್ಯಾಂಡಲ್ 3 ಮಿ.ಮೀ. ಹಿಂದಕ್ಕೆ ಬರುತ್ತದೆ. ಎರಡು ಫ್ರೇಮ್‌ಗಳ ರೀಚ್ ಒಂದೇ ಇದ್ದು ಒಂದರ ಸ್ಟ್ಯಾಕ್ 20 ಮಿ.ಮೀ. ಕಡಿಮೆಯಿದ್ದರೆ, ಹ್ಯಾಂಡಲ್‌ನ್ನು ಅದೇ ಎತ್ತರಕ್ಕೆ ತಂದ ಮೇಲೆ ಅದು ನಿಜದಲ್ಲಿ 6 ಮಿ.ಮೀ. ಗಿಡ್ಡ ಫ್ರೇಮ್. ಸ್ಟೆಮ್ 90ರಿಂದ 110 ಮಿ.ಮೀ. ಒಳಗೆ, ಸ್ಪೇಸರ್ 30 ಮಿ.ಮೀ. ಒಳಗೆ ಇದ್ದು ನಿಮ್ಮ ಭಂಗಿ ಕೂಡಿಬಂದರೆ ಆ ಫ್ರೇಮ್ ನಿಮ್ಮದು ಎನ್ನಬಹುದು.

ಹೀಗಾಗಿ ನನ್ನ ಸಲಹೆ: ಎರಡನೆಯ ಫ್ರೇಮ್‌ನ ಸ್ಟ್ಯಾಕ್ ಮತ್ತು ರೀಚ್ ಈ ಮಿತಿಯೊಳಗೆ ಬಂದರೆ ಅದನ್ನೇ ಕೊಂಡು, ಅದಕ್ಕೆ ಹೊಸ ಚಕ್ರಗಳನ್ನು ಮಾಡಿಸಿ. ಹಳೆಯ 531 ಒಳ್ಳೆಯ ಸ್ಥಿತಿಯಲ್ಲಿದ್ದು ನಿಮ್ಮ ಅಳತೆಯದೇ ಆಗಿದ್ದರೆ, ಈಗಿನ ಚಕ್ರ ಮತ್ತು 28 ಮಿ.ಮೀ. ಟೈರ್‌ಗಳಿಂದ ಅದನ್ನು ಎರಡನೆಯ ಸೈಕಲ್ ಆಗಿ ಜೋಡಿಸುವುದು ಸೊಗಸಾದ ಕೆಲಸ. ತೂಕದ ಚಿಂತೆ ಬಿಡಿ. ನಡು ಅಳತೆಯ 531 ಫ್ರೇಮ್ ಸುಮಾರು 2 ಕೆ.ಜಿ. ತೂಗಿದರೆ 853ರಲ್ಲಿ ಅದು ಇಳಿಯುವುದು 200–300 ಗ್ರಾಂ ಮಾತ್ರ. ಸವಾರ ಮತ್ತು ಸೈಕಲ್ ಸೇರಿ 88 ಕೆ.ಜಿ. ಇರುವಲ್ಲಿ ಅದು ಅರ್ಧ ಬಾಟಲಿ ನೀರಿನಷ್ಟು.

ಪ್ರಶ್ನೆ: ಲಗ್‌ಗಳಿರುವ ಫ್ರೇಮ್ ಟಿಗ್ ವೆಲ್ಡಿಂಗ್‌ನ ಫ್ರೇಮ್‌ಗಿಂತ ಗಟ್ಟಿಯೇ? ನನ್ನ ಬಿಲ್ಡರ್ ಎರಡನ್ನೂ ಮಾಡುತ್ತಾರೆ, ಜೊತೆಗೆ ಫಿಲೆಟ್ ಬ್ರೇಜಿಂಗ್ ಎಂಬ ಮೂರನೆಯದನ್ನೂ ಹೇಳುತ್ತಾರೆ.

ಉತ್ತರ: ಕೆಲಸ ಬಲ್ಲ ಕೈಯಲ್ಲಿ ಮೂರೂ ಗಟ್ಟಿ. ಬ್ರೇಜಿಂಗ್‌ನಲ್ಲಿ ಟ್ಯೂಬ್ ಕರಗುವುದಿಲ್ಲ. ಕಡಿಮೆ ಉಷ್ಣಕ್ಕೆ ಕರಗುವ ಹಿತ್ತಾಳೆ ಅಥವಾ ಬೆಳ್ಳಿಯ ಮಿಶ್ರಲೋಹ ಹರಿದು ಎರಡನ್ನೂ ಬೆಸೆಯುತ್ತದೆ. ಲಗ್ ಇದ್ದರೆ ಆ ಲೋಹ ಟ್ಯೂಬ್ ಮತ್ತು ಲಗ್‌ನ ನಡುವಿನ ಕೂದಲೆಳೆಯಷ್ಟು ಸಂದಿಯೊಳಕ್ಕೆ ತಾನಾಗಿಯೇ ನುಗ್ಗುತ್ತದೆ. ಫಿಲೆಟ್‌ನಲ್ಲಿ ಅದು ಹೊರಗೆ ನುಣುಪಾದ ಇಳಿಜಾರಾಗಿ ಕೂರುತ್ತದೆ. ಟಿಗ್‌ನಲ್ಲಿ ಉಕ್ಕೇ ಕರಗಿ ಕೂಡುತ್ತದೆ, ಆದ್ದರಿಂದ ತುದಿಯ ಗೋಡೆ ಸಾಕಷ್ಟು ದಪ್ಪವಿರಬೇಕು, ಬಿಸಿಯನ್ನು ಚಿಕ್ಕ ಜಾಗಕ್ಕೆ ಹಿಡಿದಿಡುವ ಕೌಶಲ ಬೇಕು. 853 ಮತ್ತು 631ರಂಥ ಉಕ್ಕುಗಳು ವೆಲ್ಡಿಂಗ್ ನಂತರ ಗಾಳಿಯಲ್ಲಿ ತಣ್ಣಗಾಗುವಾಗ ಬೆಸುಗೆಯ ಸುತ್ತ ಬಲ ಕಳೆದುಕೊಳ್ಳದೆ ಗಡುಸಾಗುವ ಗುಣವುಳ್ಳವು. ಅವು ಟಿಗ್‌ಗೆ ಬಹಳ ಒಪ್ಪುತ್ತವೆ. ಇದಕ್ಕೆ ವಿರುದ್ಧ ಉದಾಹರಣೆ 1970ರ ದಶಕದ ರೆನಾಲ್ಡ್ಸ್ 753. ಅತಿ ತೆಳುವಾದ ಆ ಟ್ಯೂಬ್‌ಗಳನ್ನು ಹಿತ್ತಾಳೆಯ ಉಷ್ಣಕ್ಕೆ ಕಾಯಿಸಿದರೆ ಬಲ ಕುಗ್ಗುತ್ತಿದ್ದುದರಿಂದ ಬೆಳ್ಳಿಯಲ್ಲೇ ಬೆಸೆಯಬೇಕಿತ್ತು, ಬಿಲ್ಡರ್‌ಗಳು ಕೆಲಸದ ಮಾದರಿಯನ್ನು ಕಂಪನಿಗೆ ತೋರಿಸಿ ಒಪ್ಪಿಗೆ ಪಡೆದ ಮೇಲಷ್ಟೇ ಅವರಿಗೆ ಟ್ಯೂಬ್ ಸಿಗುತ್ತಿತ್ತು.

ನೀವು ಯೋಚಿಸಬೇಕಾದ ವ್ಯತ್ಯಾಸ ಬೇರೆ. ಲಗ್‌ಗಳು ಸಿದ್ಧ ಕೋನ ಮತ್ತು ಸಿದ್ಧ ವ್ಯಾಸಗಳಲ್ಲಿ ಬರುತ್ತವೆ. ಬಹಳ ಇಳಿಜಾರಾದ ಟಾಪ್ ಟ್ಯೂಬ್ ಅಥವಾ 35 ಮಿ.ಮೀ. ಡೌನ್ ಟ್ಯೂಬ್ ಬೇಕಾದರೆ ಲಗ್ ಹುಡುಕುವುದು ಕಷ್ಟ. ಇನ್ನೊಂದೆಡೆ, ಲಗ್ ಇರುವ ಫ್ರೇಮ್‌ನಲ್ಲಿ ಟ್ಯೂಬ್ ಒಂದು ಹಾಳಾದರೆ, ಕಾಯಿಸಿ ಬಿಡಿಸಿ ಹೊಸದನ್ನು ಕೂರಿಸುವುದು ಟಿಗ್‌ಗಿಂತ ಸುಲಭ. ನನ್ನ ಕಣ್ಣಿಗೆ ತೆಳ್ಳಗೆ ಅರದಿಂದ ಉಜ್ಜಿದ ಲಗ್‌ನ ಅಂಚಿಗಿಂತ ಸುಂದರವಾದದ್ದು ಸೈಕಲ್‌ನಲ್ಲಿ ಬೇರೆ ಇಲ್ಲ, ಆದರೂ ಅದಕ್ಕಾಗಿ ಅಳತೆಯಲ್ಲಿ ರಾಜಿ ಮಾಡಿಕೊಳ್ಳಿ ಎಂದು ಯಾರಿಗೂ ಹೇಳಲಾರೆ. ಬಿಲ್ಡರ್ ಯಾವುದನ್ನು ಅತಿ ಹೆಚ್ಚು ಮಾಡಿದ್ದಾರೋ ಅದನ್ನೇ ಮಾಡಿಸಿ.

ಪ್ರಶ್ನೆ: ನಾನು ಮೆಚ್ಚಿರುವ ಉಕ್ಕಿನ ಡಿಸ್ಕ್ ಫ್ರೇಮ್‌ನ ಜೊತೆ ಉಕ್ಕಿನ ಫೋರ್ಕ್ ಬರುತ್ತದೆ. ಅದನ್ನು ತೆಗೆದು ಕಾರ್ಬನ್ ಫೋರ್ಕ್ ಹಾಕಿದರೆ ಫ್ರೇಮ್‌ನ ಸ್ವಭಾವ ಕೆಡುತ್ತದೆಯೇ?

ಉತ್ತರ: ರಿಮ್ ಬ್ರೇಕ್ ಫ್ರೇಮ್ ಆಗಿದ್ದರೆ ಉಕ್ಕಿನ ಫೋರ್ಕ್ ಉಳಿಸಿಕೊಳ್ಳಿ ಎನ್ನುತ್ತಿದ್ದೆ. ಅಲ್ಲಿ ಬ್ರೇಕಿನ ಭಾರ ಫೋರ್ಕ್‌ನ ತಲೆಯ ಮೇಲೆ ಬೀಳುವುದರಿಂದ ಕಾಲುಗಳನ್ನು ಸಪೂರವಾಗಿಸಿ, ಕೆಳತುದಿಯಲ್ಲಿ ಮುಂದಕ್ಕೆ ಬಾಗಿಸಬಹುದು; ಆ ಬಾಗಿದ ಭಾಗ ನಿಜಕ್ಕೂ ಸ್ವಲ್ಪ ಮಿಡಿಯುತ್ತದೆ. ಡಿಸ್ಕ್ ಬ್ರೇಕ್‌ನಲ್ಲಿ ಆ ಭಾರವೆಲ್ಲ ಎಡಗಾಲಿನ ಕೆಳತುದಿಯ ಮೇಲೆ ಬೀಳುತ್ತದೆ, ಅದನ್ನು ತಡೆಯಲು ಕಾಲುಗಳನ್ನು ದಪ್ಪ ಮಾಡಲೇಬೇಕು. ಹೀಗೆ ಉಕ್ಕಿನ ಡಿಸ್ಕ್ ಫೋರ್ಕ್ ಮಿಡಿತವನ್ನೂ ಕಳೆದುಕೊಳ್ಳುತ್ತದೆ, ತೂಕದಲ್ಲಿ ಕೆಲವೊಮ್ಮೆ ಒಂದು ಕೆ.ಜಿ.ಯ ಹತ್ತಿರವೂ ಹೋಗುತ್ತದೆ. ಕಾರ್ಬನ್ ಫೋರ್ಕ್ 400–500 ಗ್ರಾಂನಲ್ಲಿ ಮುಗಿಯುತ್ತದೆ. ಉಕ್ಕಿನ ಫ್ರೇಮ್‌ನ ತೂಕ ಇಳಿಸುವ ಅತಿ ಸರಳ ದಾರಿ ಇದೇ. ಮುಂಭಾಗದಲ್ಲಿ ಭಾರದ ಚೀಲ ಹೊರುವವರು ಮಾತ್ರ ಉಕ್ಕಿನದನ್ನೇ ಇಟ್ಟುಕೊಳ್ಳಲಿ.

ಬದಲಿಸುವಾಗ ಮೂರು ಅಳತೆಗಳು ಹೊಂದಬೇಕು. ಮೊದಲನೆಯದು ಸ್ಟಿಯರರ್, ಎಂದರೆ ಹೆಡ್ ಟ್ಯೂಬ್‌ನೊಳಗೆ ಹಾಯುವ ಫೋರ್ಕ್‌ನ ಕೊಳವೆ. ಫ್ರೇಮ್‌ನ ಹೆಡ್ ಟ್ಯೂಬ್ 44 ಮಿ.ಮೀ. ಒಳವ್ಯಾಸದ್ದಾಗಿದ್ದರೆ, ಕೆಳಗೆ ಅಗಲವಾಗುವ ಟೇಪರ್ಡ್ ಸ್ಟಿಯರರ್ ಸರಿಯಾದ ಹೆಡ್‌ಸೆಟ್‌ನೊಂದಿಗೆ ಕೂರುತ್ತದೆ. ಹಳೆಯ ಬಗೆಯ ಸಪೂರ ಹೆಡ್ ಟ್ಯೂಬ್ ಆದರೆ ಉದ್ದಕ್ಕೂ ಒಂದೇ ವ್ಯಾಸದ ಸ್ಟಿಯರರ್ ಇರುವ ಫೋರ್ಕ್ ಹುಡುಕಬೇಕು. ಎರಡನೆಯದು ಆಕ್ಸಲ್‌ನಿಂದ ಫೋರ್ಕ್‌ನ ತಲೆಯವರೆಗಿನ ಉದ್ದ. ಇದು 20 ಮಿ.ಮೀ. ಹೆಚ್ಚಾದರೆ ಹೆಡ್ ಕೋನ ಒಂದು ಡಿಗ್ರಿಯಷ್ಟು ಹಿಂದಕ್ಕೆ ವಾಲುತ್ತದೆ, ಬಾಟಮ್ ಬ್ರಾಕೆಟ್ ಮೇಲೇರುತ್ತದೆ, ಆಸನದ ಕೋನವೂ ಬದಲಾಗುತ್ತದೆ. ಮೂರನೆಯದು ರೇಕ್, ಎಂದರೆ ಸ್ಟಿಯರರ್‌ನ ಗೆರೆಯಿಂದ ಆಕ್ಸಲ್ ಎಷ್ಟು ಮುಂದಿದೆ ಎಂಬುದು.

ಈ ಕೊನೆಯ ಎರಡು ಅಳತೆಗಳು ಸೇರಿ ಟ್ರೇಲ್ ಎಂಬುದನ್ನು ನಿರ್ಧರಿಸುತ್ತವೆ, ಸೈಕಲ್ ತಿರುವಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಕೀಲಿ ಅದರಲ್ಲಿದೆ. ಸ್ಟಿಯರಿಂಗ್‌ನ ಗೆರೆಯನ್ನು ನೆಲದವರೆಗೆ ಎಳೆದರೆ, ಅದು ನೆಲ ಮುಟ್ಟುವ ಬಿಂದುವಿಗಿಂತ ಟೈರ್ ನೆಲ ಮುಟ್ಟುವ ಬಿಂದು ಎಷ್ಟು ಹಿಂದಿದೆಯೋ ಅದೇ ಟ್ರೇಲ್. 28 ಮಿ.ಮೀ. ಟೈರ್‌ನ 700ಸಿ ಚಕ್ರ, 73 ಡಿಗ್ರಿ ಹೆಡ್ ಕೋನ, 45 ಮಿ.ಮೀ. ರೇಕ್ ಇದ್ದರೆ ಟ್ರೇಲ್ ಸುಮಾರು 57 ಮಿ.ಮೀ.; ರೋಡ್ ಸೈಕಲ್‌ಗೆ ಇದು ಎಲ್ಲರಿಗೂ ಪರಿಚಿತವಾದ ನಡೆ. ಅದೇ ಫೋರ್ಕ್ 72 ಡಿಗ್ರಿ ಫ್ರೇಮ್‌ನಲ್ಲಿ 63ಕ್ಕೆ ಏರುತ್ತದೆ, ಹ್ಯಾಂಡಲ್ ನೆಟ್ಟಗೆ ಹೋಗಲು ಬಯಸುತ್ತದೆ, ನಿಧಾನ ವೇಗದಲ್ಲಿ ಭಾರವೆನಿಸುತ್ತದೆ. ಆ 72 ಡಿಗ್ರಿ ಫ್ರೇಮ್‌ಗೆ 50 ಮಿ.ಮೀ. ರೇಕ್ ಕೊಟ್ಟರೆ ಮತ್ತೆ 58ಕ್ಕೆ ಇಳಿಯುತ್ತದೆ. ಈಗಿರುವ ಫೋರ್ಕ್‌ನ ಉದ್ದ ಮತ್ತು ರೇಕ್ ಎರಡನ್ನೂ ಬರೆದುಕೊಂಡು, ಉದ್ದದಲ್ಲಿ 5 ಮಿ.ಮೀ., ರೇಕ್‌ನಲ್ಲಿ 3 ಮಿ.ಮೀ. ಒಳಗಿನ ವ್ಯತ್ಯಾಸದ ಕಾರ್ಬನ್ ಫೋರ್ಕ್ ಆರಿಸಿದರೆ ಫ್ರೇಮ್‌ನ ಸ್ವಭಾವ ಹಾಗೆಯೇ ಉಳಿಯುತ್ತದೆ.

ಪ್ರಶ್ನೆ: ಬಳಸಿದ ಉಕ್ಕಿನ ಫ್ರೇಮ್ ಕೊಳ್ಳುವ ಮೊದಲು ಏನೇನು ಪರೀಕ್ಷಿಸಬೇಕು? ಒಳಗಿನ ತುಕ್ಕು ಕಣ್ಣಿಗೆ ಕಾಣುವುದಿಲ್ಲವೆಂಬ ಭಯವಿದೆ.

ಉತ್ತರ: ಮೊದಲು ಹೆಡ್ ಟ್ಯೂಬ್‌ನ ಹಿಂದೆ, ಟಾಪ್ ಟ್ಯೂಬ್ ಮತ್ತು ಡೌನ್ ಟ್ಯೂಬ್‌ಗಳ ಕೆಳಮೈಯನ್ನು ಬೆರಳಿನಿಂದ ಸವರಿ ನೋಡಿ. ಮುಂದಿನಿಂದ ಗುದ್ದಿದ ಸೈಕಲ್‌ನಲ್ಲಿ ಅಲ್ಲಿ ಬಣ್ಣ ಸುಕ್ಕುಗಟ್ಟಿರುತ್ತದೆ, ಲೋಹ ಸಣ್ಣದಾಗಿ ಉಬ್ಬಿರುತ್ತದೆ. ಕಣ್ಣಿಗೆ ತಪ್ಪಿದ್ದು ಬೆರಳಿಗೆ ಸಿಗುತ್ತದೆ. ಸಿಕ್ಕರೆ ಆ ಫ್ರೇಮ್ ಬಿಟ್ಟುಬಿಡಿ.

ನಂತರ ದಾರದ ಪರೀಕ್ಷೆ. ಒಂದು ಡ್ರಾಪ್‌ಔಟ್‌ಗೆ ದಾರ ಕಟ್ಟಿ, ಹೆಡ್ ಟ್ಯೂಬ್‌ನ ಸುತ್ತ ಹಾಯಿಸಿ ಇನ್ನೊಂದು ಡ್ರಾಪ್‌ಔಟ್‌ಗೆ ಬಿಗಿಯಾಗಿ ಎಳೆದು ಕಟ್ಟಿ. ಸೀಟ್ ಟ್ಯೂಬ್‌ನಿಂದ ಎರಡು ಬದಿಯ ದಾರಗಳಿಗಿರುವ ದೂರವನ್ನು ಅಳೆದಾಗ ಎರಡೂ ಸಮವಿದ್ದರೆ ಹಿಂಭಾಗ ನೆಟ್ಟಗಿದೆ. ಒಂದು ಮಿಲಿಮೀಟರ್ ವ್ಯತ್ಯಾಸಕ್ಕೆ ಹೆದರಬೇಕಿಲ್ಲ. ನಾಲ್ಕೈದು ಮಿಲಿಮೀಟರ್ ಇದ್ದರೆ ಕಾರಣ ಕೇಳಿ.

ಆಸನದ ಕೊಳವೆ ಮೇಲೆ ಕೆಳಗೆ ಸರಿಯುತ್ತದೆಯೇ ಎಂದು ಮಾರುವವರ ಎದುರಿಗೇ ನೋಡಿ. ಅಲ್ಯೂಮಿನಿಯಂ ಕೊಳವೆ ಉಕ್ಕಿನೊಳಗೆ ವರ್ಷಗಟ್ಟಲೆ ಗ್ರೀಸ್ ಇಲ್ಲದೆ ಕುಳಿತರೆ ತೇವದಲ್ಲಿ ಎರಡೂ ಕಚ್ಚಿಕೊಳ್ಳುತ್ತವೆ, ಬಿಡಿಸುವುದು ಫ್ರೇಮ್‌ನ ಬೆಲೆಗಿಂತ ದೊಡ್ಡ ಕೆಲಸವಾದೀತು. ಬಿಡಿಸಿದ ಕೊಳವೆಯ ಮೇಲೆ ಬರೆದಿರುವ ವ್ಯಾಸವನ್ನೂ ನೋಡಿಕೊಳ್ಳಿ. ಒಳ್ಳೆಯ ತೆಳುಗೋಡೆಯ ಫ್ರೇಮ್‌ಗಳಲ್ಲಿ ಅದು ಸಾಮಾನ್ಯವಾಗಿ 27.2 ಮಿ.ಮೀ. ಇರುತ್ತದೆ, 26.4, 26.8 ಹೀಗಿದ್ದರೆ ಸೀಟ್ ಟ್ಯೂಬ್‌ನ ಗೋಡೆ ದಪ್ಪ ಎಂದರ್ಥ. ಸ್ಟಿಕ್ಕರ್ ಕಿತ್ತುಹೋದ ಅಥವಾ ಹೊಸದಾಗಿ ಅಂಟಿಸಿದ ಫ್ರೇಮ್‌ನಲ್ಲಿ ಈ ಒಂದು ಸಂಖ್ಯೆ ನಂಬಿಕೆಗೆ ಹೆಚ್ಚು ಅರ್ಹ.

ಬಾಟಮ್ ಬ್ರಾಕೆಟ್‌ನ ಥ್ರೆಡ್ ಯಾವುದೆಂದು ತಿಳಿಯಿರಿ. ಗೂಡಿನ ಅಗಲ 68 ಮಿ.ಮೀ. ಇದ್ದು ಬಲಬದಿಯ ಕಪ್ ತಿರುವುಮುರುವಾಗಿ ಬಿಚ್ಚಿದರೆ ಅದು ಬಿಎಸ್‌ಎ, ಭಾಗಗಳು ಎಲ್ಲೆಡೆ ಸಿಗುತ್ತವೆ. 70 ಮಿ.ಮೀ. ಅಗಲದ ಇಟಾಲಿಯನ್ ಬಗೆಯಲ್ಲಿ ಎರಡೂ ಬದಿಯ ಥ್ರೆಡ್ ಒಂದೇ ದಿಕ್ಕಿಗಿರುವುದರಿಂದ ಬಲಬದಿಯದು ಪೆಡಲ್ ತುಳಿತಕ್ಕೆ ಸಡಿಲವಾಗುವ ಸ್ವಭಾವವುಳ್ಳದ್ದು. ಚೆನ್ನಾಗಿ ಬಿಗಿದರೆ ತೊಂದರೆಯಿಲ್ಲ.

ತುಕ್ಕಿನ ಭಯ ಸರಿಯಾದದ್ದೇ, ಆದರೆ ಅದನ್ನು ನೋಡಲು ದಾರಿಯಿದೆ. ಆಸನದ ಕೊಳವೆ ಮತ್ತು ಬಾಟಮ್ ಬ್ರಾಕೆಟ್ ಎರಡನ್ನೂ ಬಿಚ್ಚಿಸಿ, ಒಳಕ್ಕೆ ದೀಪ ಬಿಡಿ. ನೀರು ಆಸನದ ಬುಡದಿಂದ ಇಳಿದು ಬಾಟಮ್ ಬ್ರಾಕೆಟ್‌ನ ಗೂಡಿನಲ್ಲಿ ನಿಲ್ಲುವುದರಿಂದ ಮೊದಲು ಕೆಡುವುದು ಆ ಜಾಗ ಮತ್ತು ಚೈನ್‌ಸ್ಟೇಗಳ ಬುಡ. ಕಂದುಬಣ್ಣದ ತೆಳು ಪುಡಿ ಮಾತ್ರ ಇದ್ದರೆ ಚಿಂತೆಯಿಲ್ಲ. ಹೊಪ್ಪಳಿಕೆ ಹೊಪ್ಪಳಿಕೆಯಾಗಿ ಉದುರುತ್ತಿದ್ದರೆ, ಅಥವಾ ಹೊರಗಿನ ಬಣ್ಣದ ಅಡಿಯಲ್ಲಿ ಗುಳ್ಳೆಗಳೆದ್ದ ಕಡೆ ಸ್ಕ್ರೂಡ್ರೈವರ್‌ನ ಹಿಡಿಯಿಂದ ತಟ್ಟಿದಾಗ ಮಂದವಾದ ಸದ್ದು ಬಂದರೆ ಬೇಡ. ಕೊಂಡ ಮೇಲೆ, ಬಿಡಿಭಾಗ ಜೋಡಿಸುವ ಮೊದಲೇ ಎಲ್ಲ ಟ್ಯೂಬ್‌ಗಳೊಳಗೆ ತುಕ್ಕು ತಡೆಯುವ ಎಣ್ಣೆ ಅಥವಾ ಬೇಯಿಸಿದ ಅಗಸೆ ಎಣ್ಣೆಯನ್ನು ಹಾಯಿಸಿ, ಫ್ರೇಮ್‌ನ್ನು ಎಲ್ಲ ದಿಕ್ಕಿಗೂ ತಿರುಗಿಸಿ, ಒಂದು ದಿನ ಒಣಗಲು ಬಿಡಿ. ಬಾಟಮ್ ಬ್ರಾಕೆಟ್ ಗೂಡಿನ ಅಡಿಯಲ್ಲಿ ನೀರು ಇಳಿಯುವ ಸಣ್ಣ ರಂಧ್ರವಿದ್ದರೆ ಅದು ಕೊಳೆಯಿಂದ ಮುಚ್ಚಿಹೋಗದಂತೆ ಆಗಾಗ ತಂತಿಯಿಂದ ಬಿಡಿಸುತ್ತಿರಿ. ರಂಧ್ರವಿಲ್ಲದಿದ್ದರೆ, ಮಳೆಯಲ್ಲಿ ಸವಾರಿ ಮಾಡಿ ಬಂದ ದಿನ ಆಸನದ ಕೊಳವೆಯನ್ನು ತೆಗೆದು ಸೈಕಲ್‌ನ್ನು ತಲೆಕೆಳಗಾಗಿ ರಾತ್ರಿಯಿಡೀ ನಿಲ್ಲಿಸಿ.